ಟೆಕ್ಸೋಮಾದಲ್ಲಿ ಪಟ್ಟೆಮೀನಿನ ಸೀಸನ್ನು

ಡಲ್ಲಾಸ್ ಕಡೆಯ ಕನ್ನಡಿಗರಿಗೆ ಅಕ್ಟೋಬರ್, ನವೆಂಬರ್ ಅಂದ್ರೆ ದಸರಾ, ದೀಪಾವಳಿ, ರಾಜ್ಯೋತ್ಸವದ ರಿಹರ್ಸಲ್ಲು. ಒಂದು ಶನಿವಾರ ಖಾಲಿ ಸಿಗೋದೇ ಕಷ್ಟ. ಸಿಕ್ಕರೆ ಬೆಳಗಿನ ಜಾವ ನಾಲ್ಕಕ್ಕೆ ಅಲಾರಾಂ ಇಟ್ಟುಬಿಡಿ. ಪ್ಲೇನೋ, ಫ್ರಿಸ್ಕೋ ಕಡೆಯಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಡ್ರೈವ್ ಮಾಡಿದರೆ ಟೆಕ್ಸೋಮಾ ಸರೋವರ. ಸ್ಟ್ರೈಪ್ಡ್ ಬಾಸ್ ಅನ್ನೋ ಪಟ್ಟೆಮೀನಿಗೆ ಗಾಳ ಹಾಕೋಕೆ ಅಮೆರಿಕದ ಮೂಲೆಮೂಲೆಯಿಂದ ಜನ ಬರೋ ಜಾಗ ಅದು. ಅಲ್ಲಿನವರು ಪ್ರೀತಿಯಿಂದ ಕರೆಯೋದು ‘ಸ್ಟ್ರೈಪರ್’ ಅಂತ.

ಟೆಕ್ಸಾಸ್, ಒಕ್ಲಹೋಮಾ ಎರಡೂ ಹೆಸರನ್ನು ಕಲಸಿದರೆ ಟೆಕ್ಸೋಮಾ. ಎರಡು ರಾಜ್ಯಗಳ ಗಡಿಯಲ್ಲಿ ಹರಿಯೋ ರೆಡ್ ನದಿಗೆ ಅಮೆರಿಕದ ಸೇನಾ ಎಂಜಿನಿಯರುಗಳು ಡೆನಿಸನ್ ಹತ್ತಿರ ಅಣೆಕಟ್ಟು ಕಟ್ಟಿ, 1944ರಲ್ಲಿ ಮುಗಿಸಿದರು. ಪ್ರವಾಹ ತಡೆಯೋದು, ವಿದ್ಯುತ್ ತೆಗೆಯೋದು ಉದ್ದೇಶ. ಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರೂ ಇಲ್ಲಿ ಕೆಲಸ ಮಾಡಿದ್ದಾರೆ. ಆ ಸೈನಿಕರನ್ನು ಸೋಲಿಸಿದ ಸೇನೆಯ ಮುಖ್ಯಸ್ಥ ಐಸೆನ್‌ಹೋವರ್ ಹುಟ್ಟಿದ್ದು ಇದೇ ಡೆನಿಸನ್‌ನಲ್ಲಿ ಅನ್ನೋದು ಊರಿನವರು ಬಿಡದೆ ಹೇಳೋ ಮಾತು! ನೀರು ಹರಡಿರೋದು ಸುಮಾರು 89,000 ಎಕರೆ. ಗಾಳಿ ಬೀಸಿದ ದಿನ ಇದು ಸರೋವರ ಅಂತ ಅನಿಸೋದೇ ಇಲ್ಲ, ಸಮುದ್ರ.

ಮೀನೂ ಸಮುದ್ರದ್ದೇ. ಅಟ್ಲಾಂಟಿಕ್ ಕರಾವಳಿಯಲ್ಲಿ ಬದುಕಿ, ಮೊಟ್ಟೆ ಇಡೋಕೆ ಮಾತ್ರ ನದಿಗೆ ಬರೋ ಜಾತಿ. ಸಿಹಿನೀರಿನಲ್ಲೇ ಇಡೀ ಬದುಕು ಕಳೆಯಬಲ್ಲದು ಅಂತ ಗೊತ್ತಾಗಿದ್ದು ಆಕಸ್ಮಿಕವಾಗಿ. 1940ರ ದಶಕದ ಆರಂಭದಲ್ಲಿ ದಕ್ಷಿಣ ಕೆರೊಲಿನಾದ ಸ್ಯಾಂಟೀ-ಕೂಪರ್ ಜಲಾಶಯಗಳು ತುಂಬಿದಾಗ ಒಳಗೇ ಸಿಕ್ಕಿಬಿದ್ದ ಸ್ಟ್ರೈಪರ್‌ಗಳು ಸಾಯಲಿಲ್ಲ, ಸಂಸಾರ ಹೂಡಿದವು. ಅದನ್ನು ನೋಡಿ ಬೇರೆ ರಾಜ್ಯದವರೂ ತಮ್ಮ ಜಲಾಶಯಗಳಿಗೆ ಮರಿ ಬಿಟ್ಟರು. ಬಹಳ ಕಡೆ ಈಗಲೂ ಹಾಗೆ ಮರಿ ತಂದು ಬಿಡುತ್ತಲೇ ಇರಬೇಕು. ಟೆಕ್ಸೋಮಾದಲ್ಲಿ 1960ರ ದಶಕದಲ್ಲಿ ಬಿಡೋಕೆ ಶುರು ಮಾಡಿದ ಮೀನು ಆಮೇಲೆ ತನ್ನ ಪಾಡಿಗೆ ತಾನೇ ಬೆಳೆಯಿತು.

ಕಾರಣ ಇದೆ. ಈ ಮೀನಿನ ಮೊಟ್ಟೆ ಒಡೆದು ಮರಿಯಾಗೋಕೆ ಎರಡು ದಿನ ಬೇಕು, ಅಷ್ಟು ಹೊತ್ತೂ ಅದು ಹರಿಯೋ ನೀರಿನಲ್ಲಿ ತೇಲುತ್ತಲೇ ಇರಬೇಕು. ತಳಕ್ಕೆ ಕೂತರೆ ಹೂಳಿನಲ್ಲಿ ಉಸಿರುಗಟ್ಟಿ ಸತ್ತಂತೆ. ಸರೋವರಕ್ಕೆ ಬಂದು ಸೇರೋ ರೆಡ್ ಮತ್ತು ವಾಶಿಟಾ ನದಿಗಳಲ್ಲಿ ಅಡ್ಡಿಯಿಲ್ಲದೆ ಹರಿಯೋ ಉದ್ದ ಸಾಕಷ್ಟಿದೆ. ಮೇಲ್ಭಾಗದ ಉಪ್ಪಿನ ಪದರಗಳನ್ನು ತೊಳೆದುಕೊಂಡು ಬರೋದರಿಂದ ರೆಡ್ ನದಿಯ ನೀರಿಗೆ ಚೂರು ಉಪ್ಪೂ ಇದೆ. ಸಮುದ್ರದ ಮೀನಿಗೆ ತವರಿನ ನೆನಪು ಅಂತಿಟ್ಟುಕೊಳ್ಳಿ.

ಇನ್ನು ಶರತ್ಕಾಲವೇ ಯಾಕೆ? ಬೇಸಿಗೆಯಲ್ಲಿ ಮೇಲಿನ ನೀರು ಕಾದಿರುತ್ತೆ, ತಳದ ನೀರು ತಣ್ಣಗಿದ್ದರೂ ಅಲ್ಲಿ ಆಮ್ಲಜನಕ ಇರಲ್ಲ. ದೊಡ್ಡ ಮೀನು ನಡುವಿನ ಒಂದು ಪದರದಲ್ಲಿ ಸಿಕ್ಕಿಕೊಂಡು ಒದ್ದಾಡುತ್ತೆ. ಸೆಪ್ಟೆಂಬರ್ ಕೊನೆಗೆ ರಾತ್ರಿಗಳು ತಣ್ಣಗಾದಂತೆ ಮೇಲಿನ ನೀರು ತಂಪಾಗಿ, ಭಾರವಾಗಿ ಕೆಳಗಿಳಿಯುತ್ತೆ, ಇಡೀ ಸರೋವರ ಕಲಸಿಕೊಳ್ಳುತ್ತೆ. ಬೀಗ ತೆಗೆದ ಹಾಗೆ. ಶ್ಯಾಡ್ ಅನ್ನೋ ಪುಟ್ಟ ಬೆಳ್ಳಿ ಮೀನುಗಳು ತೊರೆಗಳ ಬಾಯಿಗೂ ಆಳವಿಲ್ಲದ ಕಡೆಗೂ ಹಿಂಡುಹಿಂಡಾಗಿ ಹೋಗುತ್ತವೆ, ಚಳಿಗಾಲಕ್ಕೆ ಮೊದಲು ಹೊಟ್ಟೆ ತುಂಬಿಸಿಕೊಳ್ಳೋ ಸ್ಟ್ರೈಪರ್ ಅವುಗಳ ಬೆನ್ನು ಹತ್ತುತ್ತೆ. ಶ್ಯಾಡ್‌ಗಳನ್ನು ನೀರಿನ ಮೇಲ್ಮೈಗೆ ಒತ್ತರಿಸಿದಾಗ ಅರ್ಧ ಎಕರೆ ನೀರು ಕುದಿಯೋ ಎಣ್ಣೆ ಥರ ಕಾಣುತ್ತೆ. ಮೇಲೆ ಕಡಲಹಕ್ಕಿಗಳ ಗಲಾಟೆ. ಅನುಭವಿ ಗೈಡ್‌ಗಳು ಸೋನಾರ್ ಸ್ಕ್ರೀನಿಗಿಂತ ಮೊದಲು ನೋಡೋದು ಹಕ್ಕಿಗಳನ್ನು.

ಗೈಡ್ ಬೇಕೇ ಬೇಕಾ ಅಂದ್ರೆ, ಮೊದಲ ಸಲಕ್ಕೆ ಖಂಡಿತ ಬೇಕು. ಗೈಡ್ ನಿಮಗಿಂತ ಒಂದೆರಡು ಗಂಟೆ ಮೊದಲೇ ಎದ್ದು, ಕತ್ತಲಲ್ಲೇ ಬೀಸುಬಲೆ ಎಸೆದು ಜೀವಂತ ಶ್ಯಾಡ್ ಹಿಡಿದಿರ್ತಾರೆ. ದೋಣಿ, ಗಾಳದ ಕಡ್ಡಿ, ಲೈಫ್ ಜಾಕೆಟ್ ಎಲ್ಲ ಅವರದ್ದೇ. ಮೀನಿನ ಹಿಂಡು ಕಂಡ ಕೂಡಲೇ ಒಳ್ಳೆ ಗೈಡ್ ಎಂಜಿನ್ ಜೋರು ಮಾಡಲ್ಲ. ದೂರದಲ್ಲೇ ನಿಧಾನಿಸಿ, ಗಾಳಿಗೆ ದೋಣಿ ತೇಲಿಬಿಟ್ಟು, ‘ಈಗ ಎಸೀರಿ’ ಅಂತಾರೆ. ನೀರಿನ ಮೇಲೆ ಚಟಪಟ ಸದ್ದು ಮಾಡೋ ಪಾಪ್ಪರ್ ಅನ್ನು ಎಳೆಯುತ್ತಿದ್ದ ಹಾಗೆ ಮೀನು ಬಂದು ಗುದ್ದಿದರೆ, ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತ ಭುಜಕ್ಕೆ ಅದರ ಲೆಕ್ಕ ಸೋಮವಾರದವರೆಗೂ ಇರುತ್ತೆ. ಫಿಶಿಂಗ್ ಲೈಸೆನ್ಸ್ ಮಾತ್ರ ನಿಮ್ಮದೇ ಇರಬೇಕು. ಟೆಕ್ಸೋಮಾಕ್ಕೇ ಅಂತ ಇರೋ ಲೈಸೆನ್ಸ್ ತಗೊಂಡರೆ ನೀರಿನ ಮೇಲೆ ಯಾವ ರಾಜ್ಯದಲ್ಲಿದ್ದೀವಿ ಅನ್ನೋ ತಲೆನೋವಿಲ್ಲ.

ಬುಕ್ ಮಾಡೋಕೆ ಮುಂಚೆ ಮನೆಯಲ್ಲಿ ಮಾತಾಡಿಕೊಳ್ಳಬೇಕಾದ ವಿಷಯ ಬೇರೆ ಇದೆ: ಎಷ್ಟು ಮೀನು ಸಾಕು? ಇಲ್ಲಿ ಬಹುಕಾಲದಿಂದ ಇರೋ ನಿಯಮ, ತಲೆಗೆ ದಿನಕ್ಕೆ 10 ಮೀನು, ಅದರಲ್ಲಿ 20 ಇಂಚು ಅಥವಾ ಅದಕ್ಕಿಂತ ಉದ್ದದ್ದು ಎರಡೇ. ಹೊರಡೋ ಮೊದಲು ಆ ವರ್ಷದ ನಿಯಮ ನೋಡಿಕೊಳ್ಳಿ. ನಾಲ್ಕು ಜನ ಹೋದರೆ 40 ಮೀನು! ಹತ್ತು ಅನ್ನೋದು ಮಿತಿ, ಟಾರ್ಗೆಟ್ ಅಲ್ಲ. ಆಫೀಸಿನ ಅಭ್ಯಾಸದಿಂದ ನಾವು ಎರಡನ್ನೂ ಒಂದೇ ಅಂದುಕೊಂಡುಬಿಡ್ತೀವಿ. ಹಲಗೆ ಮೇಲೆ ಸಾಲಾಗಿ ಜೋಡಿಸಿದ ಮೀನುಗಳ ಫೋಟೋ ನೋಡಿ ಗೈಡ್ ಆರಿಸೋದು ನನಗಂತೂ ಸರಿ ಕಾಣಲ್ಲ. ‘ನಮಗೆ ಎಂಟು ಸಾಕು, ಅಷ್ಟಾದ ಮೇಲೆ ಏನು ಮಾಡೋಣ?’ ಅಂತ ಫೋನಿನಲ್ಲೇ ಕೇಳಿ. ಉತ್ತರದಲ್ಲೇ ಮನುಷ್ಯ ಎಂಥವರು ಅಂತ ತಿಳಿಯುತ್ತೆ.

‘ಹಿಡಿದು ವಾಪಸ್ ಬಿಟ್ಟರಾಯ್ತಲ್ಲ, ಪಾಪ’ ಅನ್ನೋರಿಗೂ ಒಂದು ಮಾತು. ಬಿಸಿ ನೀರಿನ ತಿಂಗಳುಗಳಲ್ಲಿ ಆಳದಿಂದ ಎಳೆದು ಬಿಟ್ಟ ಸ್ಟ್ರೈಪರ್ ಈಜಿಕೊಂಡು ಹೋದ ಹಾಗೆ ಕಂಡರೂ ಬಹಳಷ್ಟು ಸಲ ಬದುಕಲ್ಲ. ಹಾಗಾಗಿ ಜುಲೈನಲ್ಲಿ ಬೇಕಾದಷ್ಟು ಹಿಡಿದು ನಿಲ್ಲಿಸಿಬಿಡೋದೇ ವಾಸಿ. ನೀರು ತಣ್ಣಗಾದ ಮೇಲೆ ಬದುಕೋ ಸಾಧ್ಯತೆ ಜಾಸ್ತಿ, ಅದೂ ಒದ್ದೆ ಕೈಯಲ್ಲಿ ಹಿಡಿದು, ಸೆಲ್ಫಿಗೆ ನಿಮಿಷಗಟ್ಟಲೆ ಗಾಳಿಯಲ್ಲಿ ಹಿಡಿಯದೆ ಬಿಟ್ಟರೆ.

ನವೆಂಬರಿನಲ್ಲಿ ಉತ್ತರದಿಂದ ಚಳಿಗಾಳಿ ನುಗ್ಗಿದರೆ ಗೈಡ್ ಹಿಂದಿನ ರಾತ್ರಿಯೇ ಟ್ರಿಪ್ ರದ್ದು ಮಾಡ್ತಾರೆ. ವಾದ ಮಾಡಬೇಡಿ, ತೆರೆದ ನೀರಿನಲ್ಲಿ ಎದ್ದ ಅಲೆ ತಮಾಷೆಯಲ್ಲ. ಸ್ವಂತ ದೋಣಿ ಇರೋ ಗೆಳೆಯರ ಜೊತೆ ಹೋದರೆ ಹೊರಡೋ ಮುಂಚೆ ನೀರೆಲ್ಲ ಬಸಿದು ಹೊರಡಿ. ಜೀಬ್ರಾ ಮಸೆಲ್ ಅನ್ನೋ ಪುಟ್ಟ ಚಿಪ್ಪುಜೀವಿ ಟೆಕ್ಸಾಸ್‌ನಲ್ಲಿ ಮೊದಲು ನೆಲೆಯೂರಿದ್ದು ಇದೇ ಸರೋವರದಲ್ಲಿ, 2009ರಲ್ಲಿ. ದೋಣಿಯ ನೀರಿನಲ್ಲೇ ಅದು ಊರೂರು ಸುತ್ತುತ್ತೆ.

ದಡಕ್ಕೆ ಬಂದ ಮೇಲೆ ಗೈಡ್ ಮುಳ್ಳು ಬಿಡಿಸಿ ಫಿಲೆಟ್ ಮಾಡಿಕೊಡ್ತಾರೆ. ಚರ್ಮದ ಪಕ್ಕದ ಕೆಂಪು ಮಾಂಸ ತೆಗೆಸಿಬಿಡಿ, ವಾಸನೆ ಇರೋದು ಅದರಲ್ಲೇ. ಉಳಿಯೋ ಬಿಳಿ ಮಾಂಸ ಗಟ್ಟಿ, ರವಾ ಫ್ರೈಗೆ ಹೇಳಿ ಮಾಡಿಸಿದ್ದು. ಮಂಗಳೂರಿನ ಕಡೆಯವರು ಮನೆಯಲ್ಲಿದ್ದರೆ ಪುಳಿಮುಂಚಿಯನ್ನೇ ಕೇಳಿ. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಎರಡನ್ನೂ ಹಿಂದಿನ ದಿನವೇ ತಂದಿಟ್ಟಿರಿ, ಸರೋವರದಿಂದ ವಾಪಸ್ ಬಂದ ಮೇಲೆ ಅಂಗಡಿಗೆ ಹೋಗೋ ಶಕ್ತಿ ಯಾರಿಗೂ ಇರಲ್ಲ.