ಪೇಟೆಗೆ ಹೋದಾಗ ಊಟ ಎಲ್ಲಿ ಮಾಡುವುದು?

ಶುಕ್ರವಾರದಂದು ನಾವೆಲ್ಲ ಓದುವ ಸೂರಾ ಅಲ್ ಕಹ್ಫ್‌ನಲ್ಲಿ ಗುಹೆಯ ಯುವಕರ ಪ್ರಸಂಗ ಬರುತ್ತದೆ. ದೀರ್ಘ ನಿದ್ದೆಯಿಂದ ಎದ್ದ ಆ ಯುವಕರಿಗೆ ಹಸಿವಾಯಿತು. ತಮ್ಮಲ್ಲಿ ಒಬ್ಬನ ಕೈಗೆ ಬೆಳ್ಳಿಯ ನಾಣ್ಯ ಕೊಟ್ಟು ಪಟ್ಟಣಕ್ಕೆ ಕಳಿಸಿದರು. ಅಲ್ಲಿ ಯಾರ ಬಳಿ ಅತ್ಯಂತ ಶುದ್ಧ ಆಹಾರವಿದೆ ಎಂದು ನೋಡಿ ತರಬೇಕು, ಹೋದಲ್ಲಿ ನಯವಾಗಿ ನಡೆದುಕೊಳ್ಳಬೇಕು ಎಂದು ಅವನಿಗೆ ತಿಳಿಸಿದರು. ಇದು ಆ ಸೂರಾದ 19ನೇ ಆಯತ್‌ನಲ್ಲಿರುವ ವಿಷಯ. ಅಲ್ಲಿರುವ ‘ಅಝ್ಕಾ’ ಎಂಬ ಪದಕ್ಕೆ ಮುಫಸ್ಸಿರ್‌ಗಳಲ್ಲಿ ಕೆಲವರು ಹಲಾಲ್ ಆದದ್ದು ಎಂದು, ಕೆಲವರು ಉತ್ತಮವಾದದ್ದು ಎಂದು, ಇನ್ನು ಕೆಲವರು ಅಗ್ಗವಾದದ್ದು ಎಂದು ಅರ್ಥ ಹೇಳಿದ್ದಾರೆ. ಹಲಾಲ್, ಒಳ್ಳೆಯದು, ಅಗ್ಗ. ಪೇಟೆಗೆ ಹೋದಾಗ ನಾವು ಹುಡುಕುವುದು ಈ ಮೂರನ್ನೇ ಅಲ್ಲವೇ?

ಕಳೆದ ಜುಮಾದ ಖುತ್ಬಾದಲ್ಲಿ ಈ ಆಯತ್ ಬಗ್ಗೆ ನಾವು ಸ್ವಲ್ಪ ಮಾತಾಡಿದ್ದೆವು. ನಮಾಝಿನ ನಂತರ ಕೆಲವರು ಬಂದು, ಇದನ್ನು ವಿವರವಾಗಿ ಬರೆದರೆ ಮನೆಯ ಹೆಂಗಸರಿಗೂ ಉಪಯೋಗವಾಗುತ್ತದೆ ಎಂದರು. ವನಗೂರಿನಂಥ ಊರಿನವರಿಗೆ ಪೇಟೆಗೆ ಹೋಗುವುದೆಂದರೆ ಷೋಕಿಯಲ್ಲ. ಆಸ್ಪತ್ರೆ, ಕೋರ್ಟು, ಮಕ್ಕಳ ಕಾಲೇಜು ಸೀಟು, ಹಜ್‌ಗೆ ಹೋಗುವವರನ್ನು ಬೀಳ್ಕೊಡುವುದು, ಹೀಗೆ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಸಕಲೇಶಪುರ, ಹಾಸನದ ದಾರಿಯಾಗಿ ಬೆಂಗಳೂರು. ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯದ ಮೇಲೆ ಮಂಗಳೂರು. ಬಸ್ ಚಾರ್ಜು ಎಷ್ಟು, ಡಾಕ್ಟರ ಫೀಸು ಎಷ್ಟು ಎಂದು ಎಲ್ಲರೂ ಮೊದಲೇ ಲೆಕ್ಕ ಹಾಕುತ್ತಾರೆ. ಊಟದ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ.

ನಾವೂ ಹಾಕಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಜಮಾಅತ್‌ನ ಹಿರಿಯರೊಬ್ಬರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಬಸ್ಸಿಳಿದವರು ಎದುರಿಗೆ ಕಂಡ ಹೊಳೆಯುವ ಬೋರ್ಡಿನ ಹೋಟೆಲಿಗೆ ನುಗ್ಗಿದೆವು. ದರಪಟ್ಟಿ ಕೇಳಲು ಸಂಕೋಚ. ಹಿರಿಯರು ಮೀನು ಎಂದರು, ನಾವು ಹೂಂ ಎಂದೆವು. ಬಿಲ್ಲು ಬಂದಾಗ ಅವರ ಮುಖ ಬಿಳಿಚಿಕೊಂಡಿತು. ನಾವೇ ಕೊಡುತ್ತೇವೆ ಎಂದರೂ ಕೇಳಲಿಲ್ಲ, ಅಂಗಿಯ ಒಳಜೇಬಿನಿಂದ ಮಡಚಿದ ನೋಟು ತೆಗೆದು ತಾವೇ ಕೊಟ್ಟರು. ಆ ರಾತ್ರಿ ಹಸಿವಿಲ್ಲ ಎಂದರು. ಬೆಳಿಗ್ಗೆಯೂ ಹಸಿವಿಲ್ಲ ಎಂದರು. ಅವರು ಸಕ್ಕರೆ ಕಾಯಿಲೆಯವರು. ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಹನ್ನೊಂದು ಗಂಟೆಗೆ ಒ.ಪಿ.ಡಿ.ಯ ಸಾಲಿನಲ್ಲಿ ನಿಂತವರು ಬೆವೆತು ಕುಸಿದರು. ನರ್ಸ್ ಓಡಿ ಬಂದು ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟರು. ಹಸಿವಿಲ್ಲ ಎಂದದ್ದು ದುಡ್ಡಿನ ಭಯಕ್ಕೆ ಎಂಬುದು ನಮಗೆ ಆಗ ತಿಳಿಯಿತು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡವರು ಊಟ ಬಿಡಬಾರದು ಎಂಬುದು ಡಾಕ್ಟರು ನಮಗೆ ಅಂದು ಬೈದು ಹೇಳಿದ ಮಾತು.

ಆಮೇಲೆ ಕಲಿತದ್ದನ್ನು ಹೇಳುತ್ತೇವೆ.

ಬಸ್ ನಿಲ್ದಾಣದ ಎದುರಿಗೇ ಇರುವ ಹೋಟೆಲುಗಳಿಗೆ ಬಾಡಿಗೆ ಹೆಚ್ಚು. ಗಿರಾಕಿ ಮತ್ತೆ ಬರುತ್ತಾನೆ ಎಂಬ ನಂಬಿಕೆ ಮಾಲೀಕನಿಗೂ ಇರುವುದಿಲ್ಲ. ಒಂದು ಬೀದಿ ಹಿಂದೆ ಹೋದರೆ ನಿತ್ಯದ ಗಿರಾಕಿಗಳ ಹೋಟೆಲು ಸಿಗುತ್ತದೆ. ಆಟೋದವರು, ಹಮಾಲಿಗಳು, ಆಸ್ಪತ್ರೆಯ ವಾರ್ಡ್ ಬಾಯ್‌ಗಳು ಎಲ್ಲಿ ಕೂತು ಉಣ್ಣುತ್ತಾರೆ ಎಂದು ನೋಡಿ. ದಿನಾ ಅಲ್ಲೇ ಉಣ್ಣುವವನಿಗೆ ರುಚಿಯಲ್ಲಾಗಲಿ ದರದಲ್ಲಾಗಲಿ ಮೋಸ ಮಾಡಿದರೆ ಮರುದಿನ ಅವನು ಬರುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಖಾಲಿ ಇರುವ ಹೋಟೆಲಿಗೆ ಹೋಗಬೇಡಿ. ಗಿರಾಕಿ ಇಲ್ಲದ ಕಡೆ ಬೆಳಗಿನ ಸಾರು ಸಂಜೆಯವರೆಗೆ ಕೂತಿರುತ್ತದೆ. ಅರವತ್ತು ಬಗೆಯ ತಿಂಡಿ ಬರೆದ ಪಟ್ಟಿಗಿಂತ ಆರು ಬಗೆ ಬರೆದ ಕರಿಹಲಗೆ ಮೇಲು.

ಮಸೀದಿ ನಮಗೆ ಇರುವ ದೊಡ್ಡ ಅನುಕೂಲ. ಯಾವ ಪೇಟೆಗೆ ಹೋದರೂ ಝುಹ್ರ್ ನಮಾಝಿಗೆ ಹತ್ತಿರದ ಮಸೀದಿಗೆ ಹೋಗಿ, ಮುಅದ್ದಿನ್ ಅವರನ್ನೋ ಪಕ್ಕದ ಅಂಗಡಿಯವರನ್ನೋ ವಿಚಾರಿಸಿ. ‘ಒಳ್ಳೆಯ ಹೋಟೆಲ್ ಯಾವುದು’ ಎಂದು ಕೇಳಬೇಡಿ, ಹಾಗೆ ಕೇಳಿದರೆ ಅತಿಥಿಗೆಂದು ದುಬಾರಿಯದನ್ನೇ ತೋರಿಸುತ್ತಾರೆ. ‘ನೀವು ಎಲ್ಲಿ ಉಣ್ಣುತ್ತೀರಿ’ ಎಂದು ಕೇಳಿ.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋದವರಿಗೆ ಹಂಪನಕಟ್ಟೆ, ಸ್ಟೇಟ್ ಬ್ಯಾಂಕ್, ಬಂದರು ಎಲ್ಲವೂ ನಡೆದು ಹೋಗುವ ದೂರ. ಬಂದರು, ಕುದ್ರೋಳಿಯ ಕಡೆ ಬ್ಯಾರಿ ಮನೆಯ ರುಚಿಯ ಪತ್ತಿರ್, ನೈಚೋರು, ಕುಚ್ಚಲಕ್ಕಿ ಊಟ ಸಿಗುತ್ತದೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ಹೋದವರು ಫಳ್ನೀರ್ ರಸ್ತೆಯ ಕಡೆ ನೋಡಬಹುದು. ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ಹಾಗಾಗಿ ವಿದ್ಯಾರ್ಥಿಗಳನ್ನು ನಂಬಿದ ಸಣ್ಣ ಹೋಟೆಲುಗಳಿವೆ. ವಿದ್ಯಾರ್ಥಿಗಳಿರುವ ಕಡೆ ದರ ತೀರ ಏರಲಾರದು. ಕರಾವಳಿಯಲ್ಲಿ ಮೀನು ತರಿಸುವ ಮೊದಲು ದರ ಕೇಳಲೇಬೇಕು, ಏಕೆಂದರೆ ದೊಡ್ಡ ಮೀನಿಗೆ ಪಟ್ಟಿಯಲ್ಲಿ ದರವೇ ಇರುವುದಿಲ್ಲ, ಗಾತ್ರದ ಮೇಲೆ ಹೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಮೀನು ಇನ್ನೂ ದುಬಾರಿ. ನಮ್ಮ ಹಿರಿಯರನ್ನು ಕರೆದುಕೊಂಡು ಹೋದದ್ದು ಜುಲೈ ತಿಂಗಳಲ್ಲಿ!

ಬೆಂಗಳೂರಿನಲ್ಲಿ ಬೌರಿಂಗ್ ಆಸ್ಪತ್ರೆಗೆ ಹೋದವರಿಗೆ ಶಿವಾಜಿನಗರ ಪಕ್ಕದಲ್ಲೇ ಇದೆ. ರಸೆಲ್ ಮಾರ್ಕೆಟ್ ಸುತ್ತಲಿನ ಬೀದಿಗಳಲ್ಲಿ ಬೆಳಿಗ್ಗೆಯೇ ಪಾಯ, ಖೀಮಾ, ಪರೋಟ ಸಿಗುತ್ತದೆ. ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋದವರು ತಿಲಕ್ ನಗರ ಅಥವಾ ಗುರಪ್ಪನಪಾಳ್ಯ ಎಂದು ಕೇಳಿದರೆ ಸಾಕು. (ಹೃದಯದ ರೋಗಿಗೆ ಅಲ್ಲಿಂದ ಪಾಯ ಕಟ್ಟಿಸಿಕೊಂಡು ಹೋಗಬೇಡಿ, ಜೊತೆಗೆ ಬಂದವರಷ್ಟೇ ಉಣ್ಣಿ.) ವಿಕ್ಟೋರಿಯಾಕ್ಕೆ ಸಿಟಿ ಮಾರ್ಕೆಟ್ ಹತ್ತಿರ. ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋದವರಿಗೆ ಮಂಡಿ ಮೊಹಲ್ಲಾ ಇದೆ. ಇನ್ನು ರಮಝಾನಿನಲ್ಲಿ ಫ್ರೇಝರ್ ಟೌನಿನ ಮಾಸ್ಕ್ ರೋಡಿಗೆ ಹೋಗಿ ತಿನ್ನಬೇಕೆಂದು ಹುಡುಗರಿಗೆ ಆಸೆ. ಒಮ್ಮೆ ನೋಡಿ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಅದು ಜಾತ್ರೆ, ಅಲ್ಲಿ ಜಾತ್ರೆಯ ದರವೇ ಇರುತ್ತದೆ.

ಮಾಂಸದ ವಿಷಯದಲ್ಲಿ ಅನುಮಾನ ಬಂದರೆ ಏನು ಮಾಡಬೇಕು? ಮೊದಲನೆಯದಾಗಿ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹತ್ತು ಜನರ ಎದುರು ಗಟ್ಟಿಯಾಗಿ ಅಲ್ಲ, ಗಲ್ಲಾಪೆಟ್ಟಿಗೆಯ ಬಳಿ ಹೋಗಿ ಮೆಲ್ಲಗೆ. ಗುಹೆಯ ಯುವಕರು ಹೇಳಿದ ‘ನಯ’ ಇಲ್ಲಿ ಬೇಕು. ಸಂತೆಯಂಥ ಊರಿನಲ್ಲಿ ನಾವು ಅತಿಥಿಗಳು. ಎರಡನೆಯದಾಗಿ, ಅತಿಯಾದ ಶಂಕೆಯೂ ಬೇಡ. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರು ಮಾಂಸ ತಂದುಕೊಡುತ್ತಾರೆ, ಅವರು ಅಲ್ಲಾಹನ ಹೆಸರು ಹೇಳಿದ್ದಾರೋ ಇಲ್ಲವೋ ತಿಳಿಯದು ಎಂದು ಕೆಲವರು ಪ್ರವಾದಿ(ಸ)ರ ಬಳಿ ಕೇಳಿದಾಗ, ನೀವು ಅಲ್ಲಾಹನ ಹೆಸರು ಹೇಳಿ ತಿನ್ನಿರಿ ಎಂಬ ಅರ್ಥದ ಉತ್ತರ ಬಂತೆಂದು ಆಯಿಶಾ(ರ)ರಿಂದ ಬುಖಾರಿಯಲ್ಲಿ ವರದಿಯಾಗಿದೆ. ಮುಸ್ಲಿಮನ ಹೋಟೆಲಿನಲ್ಲಿ ಕೂತು ಅವನ ಕೋಳಿಯ ಚರಿತ್ರೆ ಕೆದಕಬೇಕಾಗಿಲ್ಲ ಎಂಬುದಕ್ಕೆ ಇದು ಸಾಕು. ಬೇರೆಯವರ ಹೋಟೆಲಿನಲ್ಲಿ ಖಚಿತವಾಗದಿದ್ದರೆ ಮಾಂಸ ಬಿಟ್ಟು ಅನ್ನ ಸಾರು ಉಣ್ಣಿ. ಪೇಟೆಗೆ ಹೋದ ಮೇಲೆ ಬಿರಿಯಾನಿಯನ್ನೇ ತಿನ್ನಬೇಕೆಂಬ ಕಾನೂನು ಎಲ್ಲೂ ಇಲ್ಲ.

ಇನ್ನೊಂದು ಎಚ್ಚರ ಬೋರ್ಡಿನ ಬಗ್ಗೆ. ಹೆದ್ದಾರಿಯ ಬದಿಯಲ್ಲಿ ‘ಫ್ಯಾಮಿಲಿ ರೆಸ್ಟೋರೆಂಟ್’ ಎಂದು ದೊಡ್ಡದಾಗಿ ಬರೆದು, ‘ಬಾರ್ ಅಂಡ್’ ಎಂಬುದನ್ನು ಮೇಲೆ ಸಣ್ಣದಾಗಿ ಬರೆದಿರುತ್ತಾರೆ. ಹೆಂಗಸರು ಮಕ್ಕಳೊಂದಿಗೆ ಒಳಗೆ ಹೋಗಿ ಕೂತ ಮೇಲೆ ಎದ್ದು ಬರಲು ಮುಜುಗರ. ಮದ್ಯ ಹಂಚುವ ಮೇಜಿನಲ್ಲಿ ಕೂರಬಾರದೆಂದು ಹದೀಸಿನಲ್ಲಿ ಬಂದಿದೆ. ಇಳಿಯುವ ಮೊದಲೇ ಬೋರ್ಡನ್ನು ಪೂರ್ತಿ ಓದಿ.

ಉಡುಪಿ ಹೋಟೆಲು ಮತ್ತು ದರ್ಶಿನಿಗಳನ್ನು ನಮ್ಮವರು ಏಕೋ ಕಡೆಗಣಿಸುತ್ತಾರೆ. ಮಾಂಸವೂ ಇಲ್ಲ, ಮದ್ಯವೂ ಇಲ್ಲ, ನಮಗೆ ಚಿಂತೆಯೂ ಇಲ್ಲ. ಬೆಂಗಳೂರಿನ ಎಂ.ಟಿ.ಆರ್. ಅನ್ನು ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದರು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ನಿಂತು ತಿನ್ನುವ ಪದ್ಧತಿ ಎಲ್ಲೆಡೆ ಹಬ್ಬಿತು. ಅಲ್ಲಿ ದರ ಕಡಿಮೆ ಇರುವುದಕ್ಕೆ ಕಾರಣ ಸರಳ: ಬಡಿಸುವವರ ಸಂಬಳ ಇಲ್ಲ, ಕುರ್ಚಿ ಮೇಜಿನ ಜಾಗಕ್ಕೆ ಬಾಡಿಗೆ ಇಲ್ಲ, ಹತ್ತು ನಿಮಿಷಕ್ಕೆ ಒಬ್ಬ ಹೋಗಿ ಇನ್ನೊಬ್ಬ ಬರುತ್ತಾನೆ. ದರವನ್ನು ಗೋಡೆಯ ಮೇಲೆ ಬರೆದಿರುತ್ತಾರೆ, ಮೊದಲೇ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುವುದರಿಂದ ಬಿಲ್ಲಿನ ಗಾಬರಿ ಇಲ್ಲ. ಒಂದೇ ತೊಂದರೆ, ಮಂಡಿ ನೋವಿನ ವೃದ್ಧರಿಗೆ ನಿಂತು ತಿನ್ನುವುದು ಕಷ್ಟ. ಅವರಿಗೆ ಕೂರುವ ಹೋಟೆಲಿನಲ್ಲಿ ‘ಪ್ಲೇಟ್ ಮೀಲ್ಸ್’ ಹೇಳಿ. ‘ಫುಲ್ ಮೀಲ್ಸ್’ಗಿಂತ ಕಡಿಮೆ ದರ, ಅವರು ಉಣ್ಣುವುದೂ ಅಷ್ಟೇ.

2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ನಂತರ ಬೇರೆ ಊರುಗಳಿಗೂ ಬಂದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಅಲ್ಲಿಗೆ ಹೋಗಲು ನಾಚಿಕೆ ಎಂದು ಒಬ್ಬರು ನಮ್ಮ ಬಳಿ ಹೇಳಿದರು. ಸಾಲ ಮಾಡಿ ಎ.ಸಿ. ಹೋಟೆಲಿನಲ್ಲಿ ತಿನ್ನಲು ಅವರಿಗೆ ನಾಚಿಕೆಯಾಗಿರಲಿಲ್ಲ.

ಬಿಲ್ಲನ್ನು ಓದಲು ಮನೆಯಲ್ಲಿ ಒಬ್ಬರಾದರೂ ಕಲಿಯಬೇಕು. ಸಾಮಾನ್ಯ ಹೋಟೆಲಿನಲ್ಲಿ ಜಿ.ಎಸ್‌.ಟಿ. ನೂರಕ್ಕೆ 5. ಜಿ.ಎಸ್‌.ಟಿ. ನೋಂದಣಿ ಇಲ್ಲದ ಹೋಟೆಲಿನವರು ಆ ತೆರಿಗೆ ಕೇಳುವಂತಿಲ್ಲ. ‘ಸರ್ವಿಸ್ ಚಾರ್ಜ್’ ಎಂಬುದು ತೆರಿಗೆಯಲ್ಲ. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಸೌಮ್ಯವಾಗಿ ಹೇಳಿ, ಒಪ್ಪದಿದ್ದರೆ 1915ಕ್ಕೆ ಕರೆ ಮಾಡಬಹುದು. ಬಿಲ್ಲಿನಲ್ಲಿ 14 ಅಂಕೆಗಳ ಎಫ್.ಎಸ್.ಎಸ್.ಎ.ಐ. ಸಂಖ್ಯೆ ಇರಬೇಕು, ಇದು 2022ರ ಜನವರಿ 1ರಿಂದ ಬಂದ ನಿಯಮ. ತಿಂದು ಹೊಟ್ಟೆ ಕೆಟ್ಟರೆ ದೂರು ಕೊಡಲು ಈ ಸಂಖ್ಯೆ ಬೇಕಾಗುತ್ತದೆ, ಹಾಗಾಗಿ ಬಿಲ್ಲನ್ನು ಹೊರಗೆ ಬಂದ ಕೂಡಲೇ ಎಸೆಯಬೇಡಿ.

ಮಕ್ಕಳು ಮೊಬೈಲಿನಲ್ಲಿ ನಕ್ಷೆ ತೆರೆದು ನಕ್ಷತ್ರ ಎಣಿಸುತ್ತಾರೆ. ಎಣಿಸಲಿ. ಆದರೆ ನಕ್ಷತ್ರಕ್ಕಿಂತ ಗಿರಾಕಿಗಳು ತೆಗೆದು ಹಾಕಿದ ದರಪಟ್ಟಿಯ ಫೋಟೋ ಉಪಯುಕ್ತ, ಅದರ ತಾರೀಕನ್ನೂ ನೋಡಬೇಕು. ಐದು ಜನ ಕೊಟ್ಟ ಐದು ನಕ್ಷತ್ರಕ್ಕಿಂತ ಸಾವಿರ ಜನ ಕೊಟ್ಟ ನಾಲ್ಕು ನಂಬಲರ್ಹ. ಕೋಣೆಗೆ ತರಿಸಿಕೊಂಡರೆ ಊಟದ ಮೇಲೆ ಡಬ್ಬಿ, ಸಾಗಾಟ ಎಂದು ಮತ್ತಷ್ಟು ಸೇರುತ್ತದೆ.

ಮೊದಲ ಹೊತ್ತಿನ ಊಟ ಮನೆಯಿಂದಲೇ ಹೋಗಲಿ. ಅಕ್ಕಿ ರೊಟ್ಟಿ, ಒಣ ಚಟ್ನಿ ಒಂದು ದಿನ ಕೆಡುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಹೋಟೆಲ್ ಹುಡುಕಿದರೆ ಮೊದಲು ಕಂಡದ್ದೇ ಚೆಂದ ಕಾಣುತ್ತದೆ. ಇಬ್ಬರ ಊಟ ಮೂವರಿಗೆ, ಮೂವರ ಊಟ ನಾಲ್ವರಿಗೆ ಸಾಕೆಂದು ಪ್ರವಾದಿ(ಸ) ಕಲಿಸಿದ್ದಾರೆ, ಆದ್ದರಿಂದ ಮೊದಲು ಕಡಿಮೆ ಹೇಳಿ, ಸಾಲದಿದ್ದರೆ ಮತ್ತೆ ತರಿಸಿ. ಪ್ರಯಾಣದಲ್ಲಿ ಮೂವರಿದ್ದರೆ ಒಬ್ಬರನ್ನು ಅಮೀರ್ ಮಾಡಿಕೊಳ್ಳುವುದು ಸುನ್ನತ್. ಊಟದ ಹಣವನ್ನು ಬೇರೆ ಕಟ್ಟಿ ಆ ಅಮೀರರ ಕೈಗೆ ಕೊಡಿ. ಆಗ ಹಿರಿಯರು ಒಳಜೇಬು ತಡಕಬೇಕಾಗಿಲ್ಲ, ಹಸಿವಿಲ್ಲ ಎಂದು ಹೇಳಬೇಕಾಗಿಯೂ ಇಲ್ಲ.

ನಮ್ಮ ಮಸೀದಿಯ ಕಿಟಕಿಯಲ್ಲಿ ಒಂದು ಇನ್ನೂರು ಪುಟದ ಪುಸ್ತಕ ಇಟ್ಟಿದ್ದೇವೆ. ಪೇಟೆಗೆ ಹೋಗಿ ಬಂದವರು ಎಲ್ಲಿ ಉಂಡೆವು, ಎಷ್ಟಾಯಿತು, ನಮಾಝಿಗೆ ಜಾಗ ಹತ್ತಿರವಿತ್ತೇ, ಹೆಂಗಸರಿಗೆ ಕೂರಲು ಅನುಕೂಲವಿತ್ತೇ ಎಂದು ಬರೆದಿಡಬೇಕು. ಹೋಗುವವರು ಅದನ್ನು ನೋಡಿ ಹೋಗುತ್ತಾರೆ. ಬರೆಯಲು ಬಾರದವರು ಹೇಳಿದ್ದನ್ನು ಮದ್ರಸದ ಮಕ್ಕಳು ಬರೆಯುತ್ತಾರೆ. ಕಳೆದ ವಾರ ಅದರಲ್ಲಿ ಒಬ್ಬ ಹುಡುಗನ ಅಕ್ಷರದಲ್ಲಿ ಹೀಗಿತ್ತು: ‘ಆಸ್ಪತ್ರೆ ಗೇಟಿನಿಂದ ಬಲಕ್ಕೆ, ಔಷಧಿ ಅಂಗಡಿಯ ಹಿಂದೆ. ರಾತ್ರಿ 9ರವರೆಗೆ ಗಂಜಿ ಸಿಗುತ್ತದೆ. ಅಜ್ಜಿಗೆ ಹಲ್ಲಿಲ್ಲ ಎಂದಾಗ ಅನ್ನವನ್ನು ಕಿವುಚಿ ಕೊಟ್ಟರು.’