20 ವರ್ಷ ಗಾಡಿ ನಿಲ್ಲಿಸಿದರೆ ಹಕ್ಕು ಹುಟ್ಟುವುದೇ?

ಪಕ್ಕದಲ್ಲೊಂದು ಖಾಲಿ ನಿವೇಶನ. ಬೇಲಿಯಿಲ್ಲ, ಗೇಟಿಲ್ಲ. ಎದುರು ಮನೆಯವರು ವರ್ಷಗಟ್ಟಲೆಯಿಂದ ತಮ್ಮ ಕಾರನ್ನು ಅಲ್ಲೇ ನಿಲ್ಲಿಸುತ್ತಾ ಬಂದಿದ್ದಾರೆ. ಒಂದು ಬೆಳಿಗ್ಗೆ ನಿವೇಶನದ ಮಾಲೀಕರು ಬಂದು ಕಲ್ಲುಕಂಬ ನೆಟ್ಟು ತಂತಿ ಬಿಗಿಯುತ್ತಾರೆ. ‘ಇದು ನನ್ನ ಜಾಗ’ ಎನ್ನುತ್ತಾರೆ ಒಬ್ಬರು. ‘ಇಷ್ಟು ವರ್ಷ ಇಲ್ಲದ ತಕರಾರು ಈಗೇಕೆ?’ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ನ್ಯಾಯವಿದ್ದಂತೆ ತೋರುತ್ತದೆ. ಕಾನೂನು ಯಾರ ಕಡೆಗಿದೆ?

ಬ್ರಿಟನ್ನಿನಲ್ಲಿ ಈ ಪ್ರಶ್ನೆ ಅಲ್ಲಿನ ಅತ್ಯುನ್ನತ ನ್ಯಾಯಪೀಠದವರೆಗೂ ಹೋಗಿದೆ. ಭಾರತದ ಕಾನೂನೂ ಅದೇ ಬೇರಿನಿಂದ ಚಿಗುರಿದ್ದು. ಆದ್ದರಿಂದ ಅಲ್ಲಿ ನಡೆದ ವ್ಯಾಜ್ಯಗಳ ಕಥೆ ನಮಗೂ ಪಾಠವಾಗಬಲ್ಲದು.

ಬಂಡಿ ದಾರಿಯಂಥ ಹಕ್ಕು

ಹಳ್ಳಿಗಳಲ್ಲಿ ಒಬ್ಬರ ಹೊಲಕ್ಕೆ ಹೋಗಲು ಇನ್ನೊಬ್ಬರ ಹೊಲದ ಬದುವಿನ ಮೇಲೆ ಬಂಡಿ ದಾರಿ ಇರುವುದುಂಟು. ದಾರಿ ಬಳಸುವವನು ಆ ನೆಲದ ಒಡೆಯನಲ್ಲ. ಆದರೂ ಹೋಗಿಬರುವ ಹಕ್ಕು ಅವನಿಗಿರುತ್ತದೆ. ಹೊಲ ಮಾರಿದರೆ ಆ ಹಕ್ಕೂ ಕೊಂಡವನಿಗೆ ಹೋಗುತ್ತದೆ. ಹೀಗೆ ಒಂದು ಜಮೀನಿನ ಅನುಕೂಲಕ್ಕಾಗಿ ಮತ್ತೊಂದು ಜಮೀನಿನ ಮೇಲಿರುವ ಹಕ್ಕಿಗೆ ಕಾನೂನಿನಲ್ಲಿ ‘ಈಸ್‌ಮೆಂಟ್’ ಅಥವಾ ಅನುಭೋಗದ ಹಕ್ಕು ಎಂದು ಹೆಸರು.

ನಡೆಯುವುದಕ್ಕೆ, ನೀರು ಹಾಯಿಸುವುದಕ್ಕೆ ಇಂಥ ಹಕ್ಕನ್ನು ಒಪ್ಪುವುದು ಸುಲಭ. ನಡೆದವನು ಮುಂದೆ ಹೋಗಿಬಿಡುತ್ತಾನೆ, ನೆಲ ಮತ್ತೆ ಒಡೆಯನ ಬಳಕೆಗೆ ಸಿಗುತ್ತದೆ. ಕಾರು ಹಾಗಲ್ಲ. ಅದು ಗಂಟೆಗಟ್ಟಲೆ ಜಾಗ ಹಿಡಿದು ನಿಲ್ಲುತ್ತದೆ. ನಿಲುಗಡೆಯ ವ್ಯಾಜ್ಯಗಳ ತೊಡಕಿರುವುದೇ ಇಲ್ಲಿ.

ಶೆಟ್ಲೆಂಡ್‌ನ ಮನೆ

ಸ್ಕಾಟ್ಲೆಂಡ್‌ನ ಉತ್ತರಕ್ಕೆ ಸಮುದ್ರದ ನಡುವೆ ಶೆಟ್ಲೆಂಡ್ ದ್ವೀಪಸಮೂಹವಿದೆ. ಮರಗಳೇ ವಿರಳವಾದ, ಗಾಳಿ ಬಿರುಸಾಗಿ ಬೀಸುವ ನೆಲ. ಅಲ್ಲಿ ಕಡಿದಾದ ಇಳಿಜಾರಿನ ಕೆಳಗೆ, ನೀರಿನಂಚಿಗೆ ಒಂದು ಮನೆ. ಮನೆಬಾಗಿಲವರೆಗೆ ವಾಹನ ಇಳಿಯುವಂತಿಲ್ಲ. ಇಳಿಜಾರಿನ ಮೇಲಿರುವುದು ನೆರೆಯವರ ಜಮೀನು. ಅದರ ಮೂಲಕ ಓಡಾಡುವ ಹಕ್ಕು 1973ರ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾರು ನಿಲ್ಲಿಸುವ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ. ಮನೆಯವರು ಅಲ್ಲೇ ಮೇಲೆ ಕಾರು ನಿಲ್ಲಿಸಿ, ಇಳಿದು ಮನೆ ಸೇರುತ್ತಿದ್ದರು.

1998ರಲ್ಲಿ ತಕರಾರು ಹುಟ್ಟಿತು. ‘ಬಂದು ಹೋಗಿ, ನಿಲ್ಲಿಸಬೇಡಿ’ ಎಂಬುದು ಜಮೀನಿನವರ ವಾದ. ಹಾಗಾದರೆ ಕಾರನ್ನು ಸುಮಾರು 150 ಗಜ ದೂರದಲ್ಲಿ ಬಿಟ್ಟು, ಸಾಮಾನು ಹೊತ್ತು, ಮಳೆಗಾಳಿಯಲ್ಲಿ ನಡೆಯಬೇಕು. ವ್ಯಾಜ್ಯ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ತಲುಪಿತು. 2007ರ ಅಕ್ಟೋಬರ್‌ನಲ್ಲಿ ತೀರ್ಪು ಮನೆಯವರ ಪರವಾಗಿ ಬಂತು. ಇಂಥ ಸ್ಥಳದಲ್ಲಿ ವಾಹನದಲ್ಲಿ ಬರುವ ಹಕ್ಕನ್ನು ನೆಮ್ಮದಿಯಿಂದ ಅನುಭವಿಸಬೇಕಾದರೆ ನಿಲ್ಲಿಸುವ ಹಕ್ಕೂ ಅದರ ಜೊತೆಗೇ ಬಂದಿದೆ ಎಂದು ನ್ಯಾಯಾಧೀಶರು ಹೇಳಿದರು. ಎಲ್ಲ ದಾರಿಯ ಹಕ್ಕಿಗೂ ನಿಲುಗಡೆ ಅಂಟಿಕೊಂಡು ಬರುತ್ತದೆಂದು ಇದರ ಅರ್ಥವಲ್ಲ. ಆ ನೆಲದ ಸ್ವರೂಪವೇ ಇಲ್ಲಿ ಸಾಕ್ಷಿಯಾಯಿತು.

ಮೂರು ‘ಇಲ್ಲ’ಗಳು

ಪತ್ರವೇ ಇಲ್ಲದಿದ್ದರೆ? ಆಗ ಕಾಲವೇ ಹಕ್ಕನ್ನು ಹುಟ್ಟಿಸಬಲ್ಲದು. ಇಂಗ್ಲೆಂಡಿನ 1832ರ ಪ್ರಿಸ್ಕ್ರಿಪ್ಷನ್ ಕಾಯ್ದೆಯ ಪ್ರಕಾರ ಇದಕ್ಕೆ 20 ವರ್ಷಗಳ ಬಳಕೆ ಬೇಕು. ಜೊತೆಗೆ ರೋಮನ್ ಕಾಲದಿಂದ ಬಂದ ಮೂರು ನಿಯಮಗಳಿವೆ. ಬಳಕೆಯಲ್ಲಿ ಬಲವಂತ ಇರಕೂಡದು, ಗುಟ್ಟು ಇರಕೂಡದು, ಮಾಲೀಕರ ಅನುಮತಿಯೂ ಇರಕೂಡದು.

ಮೂರನೆಯದು ವಿಚಿತ್ರವೆನಿಸಬಹುದು. ಅನುಮತಿ ಕೇಳಿ ನಿಲ್ಲಿಸಿದ ಸಭ್ಯಸ್ಥನಿಗೆ ಹಕ್ಕಿಲ್ಲ, ಕೇಳದೆ ನಿಲ್ಲಿಸಿದವನಿಗೆ ಹಕ್ಕೇ? ಆದರೆ ತರ್ಕ ಸರಳವಾಗಿದೆ. ಅನುಮತಿ ಕೇಳಿದವನು ಜಾಗ ಇನ್ನೊಬ್ಬರದೆಂದು ಒಪ್ಪಿಕೊಂಡಂತೆ. ಕೊಟ್ಟ ಅನುಮತಿಯನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು.

ಮೊದಲನೆಯ ನಿಯಮದ ‘ಬಲವಂತ’ ಎಂದರೆ ಹೊಡೆದಾಟವೆಂದಷ್ಟೇ ಅಲ್ಲ. ಮಾಲೀಕರ ಆಕ್ಷೇಪಣೆಯನ್ನು ಕಡೆಗಣಿಸಿ ಬಳಸಿದರೂ ಅದು ಬಲವಂತವೇ. ಇಂಗ್ಲೆಂಡಿನ ಕೀತ್ಲಿ ಎಂಬ ಊರಿನ ಪ್ರಕರಣ ಇದಕ್ಕೆ ಉದಾಹರಣೆ. ಅಲ್ಲಿ ಮೀನು ಮತ್ತು ಆಲೂಗಡ್ಡೆ ಚಿಪ್ಸ್ ಕರಿದು ಮಾರುವ ಅಂಗಡಿಯೊಂದನ್ನು ದಂಪತಿಗಳು 1988ರಿಂದ ನಡೆಸುತ್ತಿದ್ದರು. ಅವರೂ ಅವರ ಗಿರಾಕಿಗಳೂ ಪಕ್ಕದ ಕ್ಲಬ್ಬಿನ ಅಂಗಳದಲ್ಲಿ ವಾಹನ ನಿಲ್ಲಿಸುತ್ತಿದ್ದರು. ಗೋಡೆಯ ಮೇಲೆ, ಈ ಜಾಗ ಖಾಸಗಿ, ಕ್ಲಬ್ಬಿಗೆ ಬರುವವರಿಗೆ ಮಾತ್ರ ಎಂಬ ಹಲಗೆಯಿತ್ತು. ಯಾರೂ ಅದನ್ನು ಲೆಕ್ಕಿಸಲಿಲ್ಲ, ಕ್ಲಬ್ಬಿನವರೂ ಜಗಳಕ್ಕೆ ಬರಲಿಲ್ಲ. 2012ರಲ್ಲಿ ಜಾಗದ ಹೊಸ ಬಾಡಿಗೆದಾರರು ದಾರಿಗೆ ಅಡ್ಡಿಮಾಡಿದಾಗ ದಂಪತಿಗಳು 20 ವರ್ಷಗಳ ಲೆಕ್ಕ ಮುಂದಿಟ್ಟರು.

ಮೊದಲ ಹಂತದಲ್ಲಿ ಗೆದ್ದರೂ ಮೇಲ್ಮನವಿಯಲ್ಲಿ ಅವರು ಸೋತರು. ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಹೇಳಿದ್ದಿಷ್ಟು: ಸ್ಪಷ್ಟವಾಗಿ ಕಾಣುವ ಹಲಗೆಯೇ ಸಾಕಷ್ಟು ಆಕ್ಷೇಪಣೆ. ತನ್ನ ಆಸ್ತಿ ಉಳಿಸಿಕೊಳ್ಳಲು ಮಾಲೀಕ ಪ್ರತಿಯೊಬ್ಬರೊಡನೆ ಜಗಳವಾಡಬೇಕಿಲ್ಲ, ಹಣ ಖರ್ಚು ಮಾಡಿ ದಾವೆ ಹೂಡಬೇಕಿಲ್ಲ. 20 ವರ್ಷಕ್ಕೂ ಮೀರಿದ ರೂಢಿಯನ್ನು ಒಂದು ಹಲಗೆ ಮಣಿಸಿತು.

ಎಷ್ಟಾದರೆ ಅತಿ?

ಇನ್ನೊಂದು ಮಿತಿಯೂ ಇದೆ. 2001ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಗ್ಯಾರೇಜಿನವರ ಪ್ರಕರಣವೊಂದು ಬಂತು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8.30ರಿಂದ ಸಂಜೆ 6ರವರೆಗೆ 6 ಕಾರು ನಿಲ್ಲಿಸುವ ಹಕ್ಕು ಅವರು ಕೇಳಿದ್ದು. ದಿನಕ್ಕೆ ಒಂಬತ್ತೂವರೆ ಗಂಟೆ, ವಾರಕ್ಕೆ 47.5 ಗಂಟೆ! ಆ ಜಾಗದಲ್ಲಿ ಹಿಡಿಸುತ್ತಿದ್ದುದೇ ಆರು ಕಾರು. ಇದನ್ನು ಒಪ್ಪಿದರೆ ಮಾಲೀಕನ ಒಡೆತನ ಹೆಸರಿಗಷ್ಟೇ ಉಳಿಯುತ್ತದೆಂದು ನ್ಯಾಯಾಲಯ ತಳ್ಳಿಹಾಕಿತು. ಶೆಟ್ಲೆಂಡ್ ತೀರ್ಪಿನಲ್ಲಿ ಕೆಲವು ನ್ಯಾಯಾಧೀಶರು ಈ ಅಳತೆಗೋಲನ್ನು ಸಂಶಯದಿಂದ ನೋಡಿದ್ದಾರೆ. ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ.

ನಮ್ಮಲ್ಲಿ

ಭಾರತದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ್ದು 1882ರ ಈಸ್‌ಮೆಂಟ್ ಕಾಯ್ದೆ. ಮೊದಲು ಜಾರಿಗೆ ಬಂದ ಪ್ರಾಂತ್ಯಗಳಲ್ಲಿ ಆಗಿನ ಕೊಡಗೂ ಒಂದು. ಅದರ 15ನೇ ಕಲಮಿನಂತೆ ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂದೇ ತಿಳಿದು, ತಡೆಯಿಲ್ಲದೆ 20 ವರ್ಷ ಅನುಭವಿಸಿದರೆ ಹಕ್ಕು ಬರುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಮಾಲೀಕರೊಡನೆ ಒಪ್ಪಂದದ ಮೇಲೆ ಬಳಸಿದ ಕಾಲ ಲೆಕ್ಕಕ್ಕೆ ಬರುವುದಿಲ್ಲ. ಇದೆಲ್ಲ ಬಳಕೆಯ ಹಕ್ಕು ಮಾತ್ರ, ನೆಲದ ಒಡೆತನವಲ್ಲ ಎಂಬುದನ್ನು ಮರೆಯಬಾರದು.

ಈ ಪ್ರಕರಣಗಳಿಂದ ತಿಳಿಯುವುದೇನು? ಮನೆ ಕೊಳ್ಳುವವರು ಕ್ರಯಪತ್ರದಲ್ಲಿ ದಾರಿಯ ಜೊತೆಗೆ ನಿಲುಗಡೆಯ ಮಾತೂ ಇದೆಯೇ ಎಂದು ಓದಿ ನೋಡಬೇಕು. ಜಾಗ ಬಿಟ್ಟುಕೊಡುವವರು ‘ಸದ್ಯಕ್ಕೆ ನಿಲ್ಲಿಸಿಕೊಳ್ಳಿ’ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸ್ನೇಹವೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ಶೆಟ್ಲೆಂಡ್‌ನಲ್ಲಿ 1973ರ ಪತ್ರಕ್ಕೆ ಇನ್ನೊಂದು ಸಾಲು ಸೇರಿಸಿದ್ದರೆ ಎರಡು ಮನೆಯವರು ಲಂಡನ್ನಿನವರೆಗೆ ಹೋಗಬೇಕಾಗುತ್ತಿರಲಿಲ್ಲ.