ಮೆಲ್ಬರ್ನಿನ ಚಳಿಗಾಲ, ಬಿಸಿಲಿನ ವಿಟಮಿನ್, ಹೃದಯದ ಲಯ

ಬಿಸಿಲಿನ ನಾಡಾದ ಆಸ್ಟ್ರೇಲಿಯಾದಲ್ಲಿ ವಿಟಮಿನ್ ಡಿ ಕೊರತೆಯೇ ಎಂದು ಊರಿನ ಬಂಧುಗಳು ನನ್ನನ್ನು ಕೇಳುವುದುಂಟು. ಮೆಲ್ಬರ್ನಿನಲ್ಲಿ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಅತಿನೇರಳೆ ಕಿರಣಗಳ ಸೂಚ್ಯಂಕ ಬಹುತೇಕ 3ಕ್ಕಿಂತ ಕೆಳಗಿರುತ್ತದೆ. ಸಿಡ್ನಿಯಲ್ಲಿ ಈ ಅವಧಿ ಕಿರಿದು. ನಮ್ಮ ಕಂದು ಚರ್ಮ ಈ ವಿಟಮಿನ್ ತಯಾರಿಸಲು ಬಿಳಿಯರಿಗಿಂತ ಹೆಚ್ಚು ಬಿಸಿಲು ಬೇಡುತ್ತದೆ.

ಹೃದಯಕ್ಕೂ ಇದಕ್ಕೂ ಇರುವ ಕೊಂಡಿ ಕ್ಯಾಲ್ಸಿಯಂ. ಕೊರತೆ ತೀವ್ರವಾಗಿ ರಕ್ತದ ಕ್ಯಾಲ್ಸಿಯಂ ಇಳಿದರೆ, ಪ್ರತಿ ಬಡಿತದ ಬಳಿಕ ಹೃದಯದ ವಿದ್ಯುತ್ ಚೇತರಿಕೆ ತಡವಾಗುತ್ತದೆ. ಇಸಿಜಿಯಲ್ಲಿ ಕ್ಯುಟಿ ಅವಧಿ ಹಿಗ್ಗಿ, ಲಯ ತಪ್ಪುವ ಅಪಾಯವಿರುತ್ತದೆ. ಸೇವನೆ ಅತಿಯಾಗಿ ಕ್ಯಾಲ್ಸಿಯಂ ಏರಿದರೂ ಲಯ ಕೆಡಬಹುದು.

ಆಸ್ಟ್ರೇಲಿಯಾದ ಡಿ-ಹೆಲ್ತ್ ಅಧ್ಯಯನದಲ್ಲಿ 60ರಿಂದ 84 ವಯಸ್ಸಿನ 21,315 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷದವರೆಗೆ ತಿಂಗಳಿಗೊಮ್ಮೆ 60,000 ಯೂನಿಟ್ ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೃದ್ರೋಗದ ಗಂಭೀರ ಪ್ರಕರಣಗಳು ಕೊಂಚ ಕಡಿಮೆಯಾದರೂ ಅದು ನಿಶ್ಚಿತವಾಗಿ ಹೇಳುವಷ್ಟಿರಲಿಲ್ಲ.

ಊರಿನಲ್ಲಿ ಅದೇ 60,000 ಯೂನಿಟ್ಟಿನ ಪೊಟ್ಟಣವನ್ನು ವೈದ್ಯರು ವಾರಕ್ಕೊಂದರಂತೆ, ಮಿತ ಅವಧಿಗೆ ಬರೆದುಕೊಡುವುದುಂಟು. ಅದನ್ನು ಮಕ್ಕಳ ಸೂಟ್‌ಕೇಸಿಗೆ ತುಂಬುವ ಮೊದಲು, ಇಲ್ಲಿನ ಜಿಪಿಯನ್ನು ಕಂಡು ರಕ್ತಪರೀಕ್ಷೆಯ ಬಗ್ಗೆ ವಿಚಾರಿಸಲು ಹೇಳಿ. 2014ರ ನವೆಂಬರಿನಿಂದ ಮೆಡಿಕೇರ್ ಈ ಪರೀಕ್ಷೆಗೆ ನಿಬಂಧನೆ ವಿಧಿಸಿದ್ದರೂ, ಗಾಢ ಮೈಬಣ್ಣ ಅದರ ಮಾನ್ಯ ಕಾರಣಗಳಲ್ಲೊಂದು. ಎದೆ ಡವಗುಟ್ಟಿ ತಲೆ ಸುತ್ತಿದರೆ ಮೊದಲು ಇಸಿಜಿ ಮಾಡಿಸಬೇಕು.